ಇಂಡಕ್ಷನ್ ತಾಪನ: ತತ್ವ ಮತ್ತು ಕೈಗಾರಿಕಾ ಬಳಕೆ

ಲೋಹ ಕಾಯಿಸುವ ಹಳೆಯ ವಿಧಾನಗಳಲ್ಲೆಲ್ಲ ಕಾವು ಹೊರಗೆ ಹುಟ್ಟಿ ಒಳಕ್ಕೆ ಇಳಿಯುತ್ತದೆ. ಇದ್ದಿಲು, ಕೋಕ್, ಫರ್ನೇಸ್ ಆಯಿಲ್, ಗ್ಯಾಸ್ ಯಾವುದೇ ಇರಲಿ, ಮೊದಲು ಉರಿ ಏಳಬೇಕು, ಉರಿಯಿಂದ ಕುಲುಮೆಯ ಗೋಡೆ ಕಾಯಬೇಕು, ಆಮೇಲೆ ಕಬ್ಬಿಣದ ಮೈ, ಕೊನೆಗೆ ಅದರ ಒಡಲು. ಇಂಡಕ್ಷನ್ ತಾಪನದಲ್ಲಿ ಈ ಸರದಿ ಇಲ್ಲ. ತಾಮ್ರದ ಸುರುಳಿ ತಣ್ಣಗಿರುತ್ತದೆ. ಅದರ ನಡುವೆ, ಅದನ್ನು ಮುಟ್ಟದಂತೆ ಹಿಡಿದ ಉಕ್ಕಿನ ಸಲಾಕೆ ಕೆಲವೇ ಸೆಕೆಂಡುಗಳಲ್ಲಿ ಕೆಂಪಗಾಗುತ್ತದೆ. ಕಾವು ಸಲಾಕೆಯಲ್ಲೇ ಹುಟ್ಟುತ್ತದೆ. ಯಾವ ಜಾಗದಲ್ಲಿ, ಎಷ್ಟು ಆಳಕ್ಕೆ, ಎಷ್ಟು ಹೊತ್ತು ಅದು ಹುಟ್ಟಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬಹುದು. ಕರೆಂಟು ಉಳಿಯುತ್ತದೆ, ಹೊಗೆ ಇರುವುದಿಲ್ಲ ಎಂಬ ಮಾತುಗಳು ಯಂತ್ರ ಮಾರುವವರ ಬಾಯಲ್ಲಿ ಹೆಚ್ಚು. ಕೈಗಾರಿಕೆಯಲ್ಲಿ ಈ ವಿಧಾನ ನೆಲೆನಿಂತದ್ದು ಕಾವಿನ ಜಾಗ ಮತ್ತು ಆಳದ ಮೇಲೆ ಅದು ಕೊಡುವ ಹಿಡಿತದಿಂದ.

ಇದರ ಹಿಂದಿರುವ ಭೌತಶಾಸ್ತ್ರ ಹೈಸ್ಕೂಲಿನ ಪಠ್ಯದಲ್ಲೇ ಇದೆ. ಬದಲಾಗುತ್ತಿರುವ ಕಾಂತಕ್ಷೇತ್ರವು ಹತ್ತಿರದ ವಾಹಕದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ. ವಾಹಕದಲ್ಲಿ ಹರಿಯುವ ವಿದ್ಯುತ್ತು ಅದರ ರೋಧಕ್ಕೂ ಪ್ರವಾಹದ ವರ್ಗಕ್ಕೂ ತಕ್ಕಷ್ಟು ಶಾಖ ಹುಟ್ಟಿಸುತ್ತದೆ ಎಂಬ ನಿಯಮವನ್ನು ಜೌಲ್ 1840ರ ದಶಕದ ಆರಂಭದಲ್ಲಿ ಸ್ಥಾಪಿಸಿದ. ಕಾಂತಕ್ಷೇತ್ರದಲ್ಲಿ ತಿರುಗುವ ಲೋಹದ ಬಿಲ್ಲೆ ತಾನಾಗಿ ಬಿಸಿಯಾಗುವುದನ್ನು ಫೂಕೋ 1855ರಲ್ಲಿ ಗಮನಿಸಿದ. ಲೋಹದ ಗಟ್ಟಿಯೊಳಗೆ ಸುತ್ತುವ ಆ ವಿದ್ಯುತ್ತನ್ನು ಸುಳಿ ಪ್ರವಾಹ ಎನ್ನುತ್ತಾರೆ. ಇಂಡಕ್ಷನ್ ತಾಪನಕ್ಕೆ ಬೇಕಾದ ಮೂಲತತ್ವ ಇಷ್ಟೇ. ಆದರೂ ಈ ಅರಿವು ಕಾರ್ಖಾನೆಗೆ ಬರಲು ಅರ್ಧ ಶತಮಾನ ಬೇಕಾಯಿತು. ಅಷ್ಟು ಕಾಲ ಎಂಜಿನಿಯರುಗಳಿಗೆ ಸುಳಿ ಪ್ರವಾಹ ಒಂದು ಪಿಡುಗಾಗಿಯೇ ಕಂಡಿತ್ತು. ಮೋಟಾರು, ಟ್ರಾನ್ಸ್‌ಫಾರ್ಮರುಗಳ ಕಬ್ಬಿಣ ಸುಮ್ಮನೆ ಕಾದು ವಿದ್ಯುತ್ತು ಪೋಲಾಗುತ್ತಿತ್ತು. ಅದನ್ನು ತಡೆಯಲೆಂದೇ ಇಂದಿಗೂ ಟ್ರಾನ್ಸ್‌ಫಾರ್ಮರಿನ ಗರ್ಭವನ್ನು ತೆಳು ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡುತ್ತಾರೆ.

ಇಂಡಕ್ಷನ್ ಯಂತ್ರವನ್ನು ಬೇಕೆಂದೇ ಕೆಟ್ಟದಾಗಿ ಕಟ್ಟಿದ ಟ್ರಾನ್ಸ್‌ಫಾರ್ಮರು ಎಂದರೂ ತಪ್ಪಿಲ್ಲ. ಸುರುಳಿ ಅದರ ಪ್ರಾಥಮಿಕ ಸುತ್ತು. ಕಾಯಬೇಕಾದ ವಸ್ತು ದ್ವಿತೀಯಕ ಸುತ್ತು: ಒಂದೇ ಸುತ್ತು, ಅದೂ ಶಾರ್ಟ್ ಆದದ್ದು. ಸುರುಳಿಯಲ್ಲಿ ಸಾವಿರಾರು ಆಂಪಿಯರ್ ಪರ್ಯಾಯ ಪ್ರವಾಹ ಹರಿಯುವಾಗ ವಸ್ತುವಿನ ಮೈಯಲ್ಲಿ ಅದಕ್ಕೆ ವಿರುದ್ಧ ದಿಕ್ಕಿನ ಪ್ರವಾಹ ಸುತ್ತುತ್ತದೆ, ಆ ಲೋಹದ ರೋಧದಲ್ಲೇ ಶಾಖವಾಗುತ್ತದೆ. ಸುರುಳಿಗೂ ವಸ್ತುವಿಗೂ ನಡುವಿನ ಸಂದು ಕಿರಿದಾದಷ್ಟೂ ಕೆಲಸ ಚೆನ್ನಾಗಿ ಆಗುತ್ತದೆ. ಸಂದು ಹೆಚ್ಚಿದರೆ ಕಾಂತರೇಖೆಗಳು ವಸ್ತುವನ್ನು ತಪ್ಪಿಸಿಕೊಂಡು ಹೊರಗೆ ಹರಡುತ್ತವೆ. ಕಬ್ಬಿಣ, ನಿಕ್ಕಲ್‌ನಂಥ ಕಾಂತೀಯ ಲೋಹಗಳಲ್ಲಿ ಇನ್ನೊಂದು ಸಣ್ಣ ಮೂಲವೂ ಉಂಟು. ಅವುಗಳೊಳಗಿನ ಕಾಂತವಲಯಗಳು ಸೆಕೆಂಡಿಗೆ ಸಾವಿರಾರು ಸಲ ಮಗ್ಗುಲು ಬದಲಿಸುವಾಗಲೂ ಶಾಖ ಹುಟ್ಟುತ್ತದೆ. ಇದಕ್ಕೆ ಹಿಸ್ಟೆರಿಸಿಸ್ ನಷ್ಟ ಎಂದು ಹೆಸರು. ಹಲವು ಪರಿಚಯ ಲೇಖನಗಳು ಇದನ್ನು ಸುಳಿ ಪ್ರವಾಹಕ್ಕೆ ಸಮನಾಗಿ ಕೂರಿಸುತ್ತವೆ, ಅದು ಸರಿಯಲ್ಲ. ಕೈಗಾರಿಕಾ ತಾಪನದಲ್ಲಿ ಇದರ ಪಾಲು ಚಿಕ್ಕದು. ಅಲ್ಲದೆ ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಲೇ ಕಾಂತಗುಣವನ್ನು ಕಳೆದುಕೊಳ್ಳುವುದರಿಂದ ಅಲ್ಲಿಂದಾಚೆ ಇದು ಪೂರ್ತಿ ಇಲ್ಲವಾಗುತ್ತದೆ. ಆ ಉಷ್ಣತೆಗೆ ಪಿಯರ್ ಕ್ಯೂರಿಯ ಹೆಸರಿದೆ.

ಪರ್ಯಾಯ ಪ್ರವಾಹ ವಾಹಕದ ಒಡಲಿನಲ್ಲೆಲ್ಲ ಸಮನಾಗಿ ಹರಿಯುವುದಿಲ್ಲ, ಮೈಗೆ ಅಂಟಿಕೊಂಡು ಹರಿಯುತ್ತದೆ. ಅದು ದಿಕ್ಕು ಬದಲಿಸುವ ಆವೃತ್ತಿ ಹೆಚ್ಚಿದಂತೆ ಈ ಪದರ ಇನ್ನಷ್ಟು ತೆಳುವಾಗುತ್ತದೆ. ಈ ಪದರದ ದಪ್ಪವನ್ನು ಪ್ರವೇಶ ಆಳ ಎನ್ನಬಹುದು. ಹುಟ್ಟುವ ಶಾಖದ ಶೇ 86ರಷ್ಟು ಈ ಒಂದು ಪದರದೊಳಗೇ ಹುಟ್ಟುತ್ತದೆ. ಲೋಹದ ರೋಧಶೀಲತೆ ಹೆಚ್ಚಿದರೆ ಆಳ ಹೆಚ್ಚುತ್ತದೆ. ಆವೃತ್ತಿ ಅಥವಾ ಕಾಂತಶೀಲತೆ ಹೆಚ್ಚಿದರೆ ಕುಗ್ಗುತ್ತದೆ. ಹೆಚ್ಚುವುದೂ ಕುಗ್ಗುವುದೂ ವರ್ಗಮೂಲದ ಲೆಕ್ಕದಲ್ಲಿ: ಆವೃತ್ತಿ ನಾಲ್ಕು ಪಟ್ಟಾದರೆ ಆಳ ಅರ್ಧವಾಗುತ್ತದೆ.

ಅಂಕಿಗಳಲ್ಲಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸುಮಾರು 1000 ಡಿಗ್ರಿಗೆ ಕಾದ ಉಕ್ಕಿನಲ್ಲಿ, ಮನೆಮನೆಗೆ ಬರುವ 50 ಹರ್ಟ್ಸ್ ವಿದ್ಯುತ್ತಿನ ಪ್ರವೇಶ ಆಳ 75 ಮಿ.ಮೀ. ಆಸುಪಾಸು. 1000 ಹರ್ಟ್ಸ್‌ಗೆ ಅದು 17 ಮಿ.ಮೀ., 10 ಕಿಲೋಹರ್ಟ್ಸ್‌ಗೆ ಐದೂವರೆ ಮಿ.ಮೀ., 100 ಕಿಲೋಹರ್ಟ್ಸ್‌ಗೆ ಎರಡು ಮಿ.ಮೀ.ಗೂ ಕಡಿಮೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು 25 ಸೈಕಲ್‌ನದು. ಅದರಿಂದ ಇದೇ ಕೆಲಸ ಮಾಡಿದ್ದರೆ ಆಳ 100 ಮಿ.ಮೀ. ದಾಟುತ್ತಿತ್ತು, ದಪ್ಪ ದಿಮ್ಮಿಗಳನ್ನು ಬಿಟ್ಟು ಬೇರೇನನ್ನೂ ಲಾಭದಾಯಕವಾಗಿ ಕಾಯಿಸಲು ಬರುತ್ತಿರಲಿಲ್ಲ. ಏಕೆಂದರೆ ವಸ್ತುವಿನ ವ್ಯಾಸ ಪ್ರವೇಶ ಆಳದ ಮೂರು ಪಟ್ಟಾದರೂ ಇರಬೇಕು. ಅದಕ್ಕಿಂತ ಸಣ್ಣ ವಸ್ತುವಿನಲ್ಲಿ ಎದುರುಬದುರು ಮಗ್ಗುಲುಗಳ ಪ್ರವಾಹಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಸುರುಳಿ ಕಾಯುತ್ತದೆ, ಕೆಲಸದ ತುಂಡು ಕಾಯುವುದಿಲ್ಲ.

ಕಾಂತಗುಣ ಕಳೆದುಕೊಳ್ಳುವ 770 ಡಿಗ್ರಿಯ ಗಡಿ ಇಲ್ಲಿ ಇನ್ನೊಂದು ತಿರುವು ತರುತ್ತದೆ. ತಣ್ಣನೆಯ ಉಕ್ಕಿನ ಕಾಂತಶೀಲತೆ ದೊಡ್ಡದಾದ್ದರಿಂದ 10 ಕಿಲೋಹರ್ಟ್ಸ್‌ನ ಪ್ರವಾಹ ಮೊದಮೊದಲು ಮಿಲಿಮೀಟರಿನ ಕಾಲು ಭಾಗದಷ್ಟು ಪದರದಲ್ಲಿ ಮಾತ್ರ ಹರಿಯುತ್ತದೆ. ಅಲ್ಲಿ ರೋಧ ಹೆಚ್ಚು, ಆದ್ದರಿಂದ ಮೈ ಭರದಿಂದ ಕಾಯುತ್ತದೆ. ಗಡಿ ದಾಟಿದೊಡನೆ ಆಳ 20 ಪಟ್ಟಿಗೂ ಮೇಲೆ ಹಿಗ್ಗುತ್ತದೆ, ಕಾಯುವ ವೇಗ ಇಳಿಯುತ್ತದೆ. ಯಂತ್ರದ ಮೀಟರಿನ ಮುಳ್ಳು ಈ ಕ್ಷಣದಲ್ಲಿ ಓಲಾಡುವುದನ್ನು ಅನುಭವಿ ಆಪರೇಟರು ನೋಡಿಯೇ ಉಕ್ಕು ಎಷ್ಟು ಕಾದಿದೆ ಎಂದು ಹೇಳಬಲ್ಲ.

ಬೇಕಾದ ಆವೃತ್ತಿಯನ್ನು ಹುಟ್ಟಿಸುವುದೇ ಬಹುಕಾಲ ದೊಡ್ಡ ತೊಡಕಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಿಡಿ ಹಾರಿಸುವ ಸಾಧನಗಳು, ಮೋಟಾರು-ಜನರೇಟರು ಜೋಡಿಗಳು, ವಾಲ್ವ್ ಆಸಿಲೇಟರುಗಳು ಬಳಕೆಯಲ್ಲಿದ್ದವು. 1957ರಲ್ಲಿ ಥೈರಿಸ್ಟರ್ ಎಂಬ ಅರೆವಾಹಕ ಸ್ವಿಚ್ಚು ಬಂದಮೇಲೆ ಚಿತ್ರ ಬದಲಾಯಿತು. ಇಂದಿನ ಯಂತ್ರದಲ್ಲಿ ಮೂರು ಫೇಸಿನ 50 ಹರ್ಟ್ಸ್ ಸರಬರಾಜನ್ನು ಮೊದಲು ಏಕಮುಖ ಪ್ರವಾಹವಾಗಿಸಿ, ಬಳಿಕ ಥೈರಿಸ್ಟರ್ ಅಥವಾ ಐಜಿಬಿಟಿ ಎಂಬ ಅದರಂಥದೇ ಸ್ವಿಚ್ಚುಗಳಿಂದ ಕತ್ತರಿಸಿ ಬೇಕಾದ ಆವೃತ್ತಿಯ ಪರ್ಯಾಯ ಪ್ರವಾಹವಾಗಿ ಮಾಡುತ್ತಾರೆ. ಸುರುಳಿಯ ಪಕ್ಕದಲ್ಲಿ ಕೆಪಾಸಿಟರುಗಳ ಸಾಲು ಇರಲೇಬೇಕು. ಸುರುಳಿಯ ಪವರ್ ಫ್ಯಾಕ್ಟರ್ ಬಹಳ ಕೆಳಗಿರುವುದರಿಂದ, ಅದಕ್ಕೆ ಬೇಕಾದ ದೊಡ್ಡ ಪ್ರವಾಹ ಸುರುಳಿಗೂ ಕೆಪಾಸಿಟರಿಗೂ ನಡುವೆ ಓಡಾಡಿಕೊಂಡಿರುತ್ತದೆ; ನಿಜವಾಗಿ ಶಾಖವಾಗುವಷ್ಟನ್ನು ಮಾತ್ರ ಲೈನಿನಿಂದ ಎಳೆದುಕೊಳ್ಳುತ್ತದೆ.

ಸುರುಳಿಯನ್ನು ಟೊಳ್ಳು ತಾಮ್ರದ ಕೊಳವೆಯಿಂದ ಮಾಡಿ ಒಳಗೆ ನೀರು ಹರಿಸುತ್ತಾರೆ. ತಾಮ್ರಕ್ಕೂ ರೋಧ ಇದ್ದೇ ಇದೆ. ಉಕ್ಕು ಕರಗಿಸುವ ಕುಲುಮೆಯಲ್ಲಿ ಕೊಟ್ಟ ವಿದ್ಯುತ್ತಿನ ಐದನೆಯ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಈ ನೀರಿನ ಜೊತೆ ಹೊರಟುಹೋಗುತ್ತದೆ. ನೀರಿನ ಗುಣ ಇಲ್ಲಿ ಸಣ್ಣ ವಿಷಯವಲ್ಲ. ಅರಸೀಕೆರೆ ಸೀಮೆಯ ಕೊಳವೆಬಾವಿಗಳ ಗಡಸು ನೀರನ್ನು ನೇರವಾಗಿ ಹರಿಸಿದರೆ ಕೊಳವೆಯ ಒಳಮೈಗೆ ಸುಣ್ಣದ ಪದರ ಕಟ್ಟಿ, ಕಾವು ನೀರಿಗೆ ಇಳಿಯದೆ ತಾಮ್ರ ತೂತಾಗುತ್ತದೆ. ಆದ್ದರಿಂದ ಸುರುಳಿಗೆ ಲವಣ ತೆಗೆದ ನೀರನ್ನು ಮುಚ್ಚಿದ ಕೊಳವೆಗಳಲ್ಲಿ ಮತ್ತೆ ಮತ್ತೆ ಸುತ್ತಿಸಿ, ಹೊರಗಿನ ನೀರಿನಿಂದ ಅದನ್ನು ಬೇರೆಯಾಗಿ ತಣಿಸುವ ವ್ಯವಸ್ಥೆ ಮಾಡುತ್ತಾರೆ.

ಅಡುಗೆಮನೆಯ ಇಂಡಕ್ಷನ್ ಒಲೆ ಇದೇ ಕುಟುಂಬದ ಕಿರಿಯ ಸದಸ್ಯ. ಅದು 20 ಕಿಲೋಹರ್ಟ್ಸ್‌ಗಿಂತ ಮೇಲೆ, ಕಿವಿಗೆ ಕೇಳಿಸದ ಆವೃತ್ತಿಯಲ್ಲಿ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಪಾತ್ರೆ ಅದರ ಮೇಲೆ ಕಾಯದಿರುವುದಕ್ಕೆ ಅದು ವಿದ್ಯುತ್ ವಾಹಕವಲ್ಲದಿರುವುದು ಕಾರಣ ಎಂದು ಹಲವರು ತಿಳಿದಿದ್ದಾರೆ. ವಿಷಯ ತಿರುಗಾಮುರುಗಾ. ಅಲ್ಯೂಮಿನಿಯಂ ಬಹಳ ಒಳ್ಳೆಯ ವಾಹಕ, ಕಾಂತೀಯವೂ ಅಲ್ಲ. ಪ್ರವಾಹ ಹರಿದರೂ ರೋಧ ಸಾಲದೆ ಸಾಕಷ್ಟು ಶಾಖ ಹುಟ್ಟುವುದಿಲ್ಲ. ಆಯಸ್ಕಾಂತ ಅಂಟುವ ತಳವಿರುವ ಪಾತ್ರೆಯೇ ಬೇಕೆನ್ನುವುದು ಇದರಿಂದ.

ಕೈಗಾರಿಕೆಯಲ್ಲಿ ಆಳದ ಹಿಡಿತ ತನ್ನ ಪೂರ್ಣ ಬೆಲೆ ಪಡೆಯುವುದು ಮೇಲ್ಮೈ ಗಡಸುಗೊಳಿಸುವ ಕೆಲಸದಲ್ಲಿ. ಎಂಜಿನಿನ ಕ್ರ್ಯಾಂಕ್‌ಶಾಫ್ಟನ್ನೇ ನೋಡಬಹುದು. ಬೇರಿಂಗಿಗೆ ಉಜ್ಜುವ ಅದರ ಮೈ ಸವೆಯದಂತೆ ಗಡಸಾಗಿರಬೇಕು. ಒಳಗಿನ ತಿರುಳು ಹೊಡೆತ ತಿಂದರೂ ಮುರಿಯದಂತೆ ಜಿಗುಟಾಗಿರಬೇಕು. ಇಡೀ ಶಾಫ್ಟನ್ನು ಕಾಯಿಸಿ ನೀರಿಗೆ ಅದ್ದಿದರೆ ಮೊದಲನೆಯದು ಸಿಗುತ್ತದೆ, ಎರಡನೆಯದು ಹೋಗುತ್ತದೆ, ಶಾಫ್ಟೂ ಸೊಟ್ಟಾಗುತ್ತದೆ. ಹಳ್ಳಿಯ ಕಮ್ಮಾರನಿಗೆ ಈ ಇಬ್ಬಂದಿ ಚೆನ್ನಾಗಿ ಗೊತ್ತು. ಅವನು ಉಳಿಯ ಮೊನೆಯನ್ನೋ ಕೊಡಲಿಯ ಬಾಯನ್ನೋ ಮಾತ್ರ ಕೆಂಪಗೆ ಕಾಯಿಸಿ, ಅಷ್ಟಕ್ಕೇ ನೀರು ತೋರಿಸಿ ಹದ ಮಾಡುತ್ತಾನೆ. ಬೇಲೂರು, ಹಳೇಬೀಡಿನ ಬಳಪದ ಕಲ್ಲು ಎಷ್ಟು ಮೃದುವಾದರೂ ಹದ ತಪ್ಪಿದ ಉಳಿಯಿಂದ ಅಲ್ಲಿನ ಸೂಕ್ಷ್ಮ ಕೆತ್ತನೆ ಸಾಧ್ಯವಿಲ್ಲ; ಉಳಿಗೆ ಆಗಾಗ ಹದ ಕೊಡುವವನಿಲ್ಲದೆ ಶಿಲ್ಪಿಯ ಕೆಲಸ ಸಾಗುವುದಿಲ್ಲ. ಇಂಡಕ್ಷನ್ ಗಡಸುಗೊಳಿಸುವಿಕೆ ಇದೇ ಕೆಲಸವನ್ನು ಮಿಲಿಮೀಟರಿನ ಲೆಕ್ಕಕ್ಕೂ ಸೆಕೆಂಡಿನ ಲೆಕ್ಕಕ್ಕೂ ತಂದಿತು.

ಇದಕ್ಕೆ ಶೇ 0.4ರಿಂದ 0.5ರಷ್ಟು ಇಂಗಾಲವಿರುವ ಉಕ್ಕು ಹೆಚ್ಚು ಬಳಕೆಯಲ್ಲಿದೆ. ಪೀಣ್ಯದ ಯಾವ ವರ್ಕ್‌ಶಾಪಿನಲ್ಲಿ ಕೇಳಿದರೂ ಸಿಗುವ ಇಎನ್-8 ಈ ಬಗೆಯದು. ಸುರುಳಿಯಲ್ಲಿ ಕೆಲವೇ ಸೆಕೆಂಡು ಕಾಯಿಸಿ ಮೈಯನ್ನು 850ರಿಂದ 950 ಡಿಗ್ರಿಯವರೆಗೆ ಒಯ್ಯುತ್ತಾರೆ. ಆಗ ಉಕ್ಕಿನ ಹರಳಿನ ರಚನೆ ಆಸ್ಟೆನೈಟ್ ಆಗಿರುತ್ತದೆ. ಕೂಡಲೇ ಅದೇ ಜಾಗಕ್ಕೆ ನೀರನ್ನೋ ಪಾಲಿಮರ್ ಬೆರೆತ ನೀರನ್ನೋ ಚಿಮ್ಮಿಸಿದರೆ ಅದು ಮಾರ್ಟೆನ್ಸೈಟ್ ಎಂಬ ಬಲು ಗಡಸು ರಚನೆಯಾಗಿ ಹೆಪ್ಪುಗಟ್ಟುತ್ತದೆ. ಒಳಗಿನ ತಿರುಳು ಕಾದೇ ಇರುವುದಿಲ್ಲ, ಬದಲಾಗುವುದೂ ಇಲ್ಲ. ರಾಕ್‌ವೆಲ್ ಸಿ ಮಾಪಕದಲ್ಲಿ 50ರಿಂದ 60ರವರೆಗಿನ ಗಡಸುತನ, ಒಂದರಿಂದ ಐದು ಮಿ.ಮೀ. ಆಳ, ಇದು ರೂಢಿಯ ಬೇಡಿಕೆ. ಮಾರ್ಟೆನ್ಸೈಟ್ ಆಗುವಾಗ ಮೈ ತುಸು ಹಿಗ್ಗಲು ಹವಣಿಸುತ್ತದೆ, ತಿರುಳು ತಡೆಯುತ್ತದೆ. ಹೀಗಾಗಿ ಮೈಯಲ್ಲಿ ಅದುಮಿದ ಬಲ ಉಳಿದುಕೊಳ್ಳುತ್ತದೆ. ಬಿರುಕು ಹುಟ್ಟುವುದು ಎಳೆತದಿಂದಾದ್ದರಿಂದ ಈ ಅದುಮುವಿಕೆ ಶಾಫ್ಟಿನ ಆಯುಷ್ಯವನ್ನು ಹೆಚ್ಚಿಸುತ್ತದೆ. ಬಿಡಿಭಾಗ ಬಿರುಸಾಗಿ ಒಡೆಯದಿರಲು ಕೊನೆಗೆ 150ರಿಂದ 200 ಡಿಗ್ರಿಯಲ್ಲಿ ಮತ್ತೊಮ್ಮೆ ಹದ ಇಳಿಸುತ್ತಾರೆ.

ಅಮೆರಿಕದಲ್ಲಿ 1930ರ ದಶಕದಲ್ಲಿ ಕ್ರ್ಯಾಂಕ್‌ಶಾಫ್ಟುಗಳಿಗೆ ಈ ವಿಧಾನ ಬಂತು. ಎರಡನೆಯ ಮಹಾಯುದ್ಧದ ಟ್ಯಾಂಕು, ಟ್ರಕ್ಕುಗಳ ಬೇಡಿಕೆ ಅದನ್ನು ಜಗತ್ತಿನ ಕಾರ್ಖಾನೆಗಳಿಗೆ ಹರಡಿತು. ಇಂದು ಹಲ್ಲುಚಕ್ರ, ಕ್ಯಾಮ್‌ಶಾಫ್ಟ್, ಆಕ್ಸಲ್, ಲೇತ್ ಯಂತ್ರದ ಹಾಸುಗಳ ಜಾರುಪಟ್ಟಿ ಎಲ್ಲಕ್ಕೂ ಇದು ಸಾಮಾನ್ಯ. ಕಾರ್ಬುರೈಸಿಂಗ್ ಎಂಬ ಹಳೆಯ ಪದ್ಧತಿಯಲ್ಲಿ ಬಿಡಿಭಾಗವನ್ನು 900 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಇಂಗಾಲದ ವಾತಾವರಣದಲ್ಲಿ ಬೇಯಿಸಬೇಕು. ಆದರೂ ಆ ಪದ್ಧತಿ ಸತ್ತಿಲ್ಲ, ಸಾಯುವುದೂ ಇಲ್ಲ. ಸಣ್ಣ, ಸಂಕೀರ್ಣ ಆಕಾರದ ಹಲ್ಲುಚಕ್ರಗಳಲ್ಲಿ ಹಲ್ಲಿನ ತುದಿಯೂ ಬುಡವೂ ಒಂದೇ ಆಳಕ್ಕೆ ಗಡಸಾಗುವಂತೆ ಸುರುಳಿ ರೂಪಿಸುವುದು ಬಹಳ ಕಷ್ಟ. ಇಂಡಕ್ಷನ್ ವಿದ್ಯೆಯ ಅರ್ಧ ಪಾಲು ಸುರುಳಿ ಬಾಗಿಸುವ ಕೈಚಳಕದಲ್ಲಿದೆ. ಕಂಪ್ಯೂಟರ್ ಲೆಕ್ಕಾಚಾರ ಎಷ್ಟೇ ಮುಂದುವರಿದರೂ, ಕೊನೆಗೆ ಒಂದು ತುಂಡನ್ನು ಕೊಯ್ದು, ಆಮ್ಲ ಸವರಿ, ಗಡಸಾದ ಪದರವನ್ನು ಕಣ್ಣಾರೆ ನೋಡದೆ ಯಾರೂ ಸರಕು ಕಳುಹಿಸುವುದಿಲ್ಲ.

ಬಡಿದು ರೂಪ ಕೊಡುವ ಫೋರ್ಜಿಂಗ್ ಕೆಲಸಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ದಿಮ್ಮಿ ತಿರುಳಿನವರೆಗೂ 1200 ಡಿಗ್ರಿಗೆ ಸಮನಾಗಿ ಕಾಯಬೇಕು. 50 ಮಿ.ಮೀ. ವ್ಯಾಸದ ದಿಮ್ಮಿಗೆ 1 ಕಿಲೋಹರ್ಟ್ಸ್, 20 ಮಿ.ಮೀ. ಸಲಾಕೆಗೆ 10 ಕಿಲೋಹರ್ಟ್ಸ್ ಎಂದು ಆವೃತ್ತಿ ಆಯ್ದು, ಮೈಯಿಂದ ತಿರುಳಿಗೆ ಶಾಖ ಇಳಿಯುವಷ್ಟು ಹೊತ್ತು ಉದ್ದನೆಯ ಸುರುಳಿಯೊಳಗೆ ತಳ್ಳಿಕೊಂಡು ಹೋಗುತ್ತಾರೆ. ಒಂದು ಟನ್ ಉಕ್ಕನ್ನು ಈ ಉಷ್ಣತೆಗೆ ಒಯ್ಯಲು ತಾತ್ವಿಕವಾಗಿ 225 ಯೂನಿಟ್‌ನಷ್ಟು ಸಾಕು. ನಷ್ಟ ಸೇರಿದರೆ 350ರಿಂದ 400 ಯೂನಿಟ್ ಬೇಕು. ಎಣ್ಣೆಯ ಕುಲುಮೆಯಲ್ಲಿ ಬಹಳ ಹೊತ್ತು ಕಾದ ಉಕ್ಕಿನ ಮೈ ಗಾಳಿಯೊಡನೆ ಬೆರೆತು ಹೊಟ್ಟಾಗಿ ಉದುರುತ್ತದೆ, ನೂರು ಕಿಲೋಗೆ ಎರಡು ಮೂರು ಕಿಲೋ ಹೋಗುವುದುಂಟು. ಇಂಡಕ್ಷನ್ನಿನಲ್ಲಿ ಕಾಯುವ ಹೊತ್ತು ಕಡಿಮೆಯಾದ್ದರಿಂದ ಈ ನಷ್ಟ ಒಂದು ಕಿಲೋದೊಳಗೆ ನಿಲ್ಲುತ್ತದೆ. ಹಲವು ಫೋರ್ಜಿಂಗ್ ಘಟಕಗಳಲ್ಲಿ ಯಂತ್ರದ ಬೆಲೆ ಹಿಂತಿರುಗುವುದು ಹೀಗೆ ಉಳಿದ ಉಕ್ಕಿನಿಂದಲೇ.

ಕರಗಿಸುವ ಕೆಲಸದ ಚರಿತ್ರೆ ಇನ್ನೂ ಹಳೆಯದು. ಫೆರಾಂಟಿ 1887ರಲ್ಲಿ ಬ್ರಿಟನ್ನಿನಲ್ಲಿ ಇಂಡಕ್ಷನ್ ಕುಲುಮೆಯ ಪೇಟೆಂಟ್ ಪಡೆದ. 1900ರಲ್ಲಿ ಸ್ವೀಡನ್ನಿನ ಯೀಸಿಂಗೆಯಲ್ಲಿ ಶೆಲ್ಲಿನ್ ಎಂಬ ಎಂಜಿನಿಯರ್ ಅದನ್ನು ಉಕ್ಕು ಕರಗಿಸುವ ಕೆಲಸಕ್ಕೆ ಹಚ್ಚಿದ. ಅದು ಕಬ್ಬಿಣದ ಗರ್ಭವಿದ್ದ, ಉಂಗುರದಂಥ ಕಾಲುವೆಯಲ್ಲಿ ಲೋಹ ಕರಗುತ್ತಿದ್ದ ಕುಲುಮೆ. ಗರ್ಭವನ್ನೇ ಬಿಟ್ಟು, ಬರೀ ಮೂಸೆಯ ಸುತ್ತ ಸುರುಳಿ ಸುತ್ತಿ ಹೆಚ್ಚು ಆವೃತ್ತಿಯಲ್ಲಿ ಕರಗಿಸುವ ವಿಧಾನವನ್ನು ಅಮೆರಿಕದ ಎಡ್ವಿನ್ ನಾರ್ತ್ರಪ್ 1916ರ ಸುಮಾರಿಗೆ ರೂಪಿಸಿದ. ಇಂದು ಫೌಂಡ್ರಿಗಳಲ್ಲಿ ಕಾಣುವುದು ಇವನ ಕುಲುಮೆಯ ವಂಶದ್ದು.

ಕರ್ನಾಟಕದ ದೊಡ್ಡ ಕಬ್ಬಿಣದ ಹೆಸರುಗಳು ಈ ವಂಶಕ್ಕೆ ಸೇರಿದವಲ್ಲ ಎಂಬುದನ್ನೂ ಗಮನಿಸಬೇಕು. ಭದ್ರಾವತಿಯಲ್ಲಿ 1923ರಲ್ಲಿ ಉರಿದದ್ದು ಇದ್ದಿಲಿನ ಊದುಕುಲುಮೆ. 1984ರಲ್ಲಿ ಶುರುವಾದ ಯಲಹಂಕದ ರೈಲ್ವೆ ಗಾಲಿ ಕಾರ್ಖಾನೆಯಲ್ಲಿ ಉಕ್ಕು ಕರಗುವುದು ವಿದ್ಯುತ್ ಚಾಪ ಕುಲುಮೆಯಲ್ಲಿ, ಅಂದರೆ ಗ್ರಾಫೈಟ್ ಕಂಬಗಳಿಗೂ ಲೋಹಕ್ಕೂ ನಡುವೆ ಮಿಂಚಿನಂತೆ ಹಾರುವ ಚಾಪದ ಉರಿಯಲ್ಲಿ. ಇಂಡಕ್ಷನ್ ಕುಲುಮೆಯ ನಿಜವಾದ ತಾಣ ಬೆಳಗಾವಿಯ ಉದ್ಯಮಬಾಗ್, ಮಚ್ಛೆ ಮತ್ತು ಶಿವಮೊಗ್ಗದ ಮಾಚೇನಹಳ್ಳಿಯಂಥ ಕೈಗಾರಿಕಾ ಪ್ರದೇಶಗಳ ಫೌಂಡ್ರಿಗಳು. ಪಂಪು, ವಾಲ್ವು, ಟ್ರ್ಯಾಕ್ಟರು, ಕಾರು-ಲಾರಿಗಳ ಎರಕದ ಬಿಡಿಭಾಗಗಳು ಅಲ್ಲಿ ತಯಾರಾಗುತ್ತವೆ.

ಇಂಥ ಫೌಂಡ್ರಿಗಳ ಹಳೆಯ ಕುಲುಮೆ ಕ್ಯುಪೋಲಾ: ನಿಂತ ಕೊಳವೆಯಂಥ ಗೂಡಿಗೆ ಕೋಕ್, ಬೀಡುಕಬ್ಬಿಣ, ಸುಣ್ಣಕಲ್ಲುಗಳನ್ನು ಪದರ ಪದರವಾಗಿ ತುಂಬಿ ಗಾಳಿ ಊದುವುದು. ಅದು ಅಗ್ಗ, ಗಟ್ಟಿಮುಟ್ಟು, ಒಂದೇ ಸಮನೆ ಕರಗಿಸಿ ಕೊಡುತ್ತದೆ. ಆದರೆ ಲೋಹ ಕೋಕಿನ ಜೊತೆಯಲ್ಲೇ ಇಳಿಯುವುದರಿಂದ ಕೋಕಿನ ಗಂಧಕವನ್ನು ಹೀರಿಕೊಳ್ಳುತ್ತದೆ. ಸಾದಾ ಬೂದು ಎರಕಕ್ಕೆ ಇದರಿಂದ ದೊಡ್ಡ ತೊಂದರೆ ಇಲ್ಲ. 1940ರ ದಶಕದ ಕೊನೆಗೆ ಬಂದ ಎಸ್‌ಜಿ ಕಬ್ಬಿಣದ ಕತೆ ಬೇರೆ. ದ್ರವ ಲೋಹಕ್ಕೆ ಮೆಗ್ನೀಷಿಯಂ ಸೇರಿಸಿ ಗ್ರಾಫೈಟನ್ನು ಎಸಳಿನಿಂದ ಗುಂಡಿನ ರೂಪಕ್ಕೆ ತಂದರೆ ಎರಕ ಉಕ್ಕಿನ ಹಾಗೆ ಬಾಗುವ, ಎಳೆತ ತಡೆಯುವ ಗುಣ ಪಡೆಯುತ್ತದೆ. ಗಂಧಕ ಹೆಚ್ಚಿದ್ದರೆ ಮೆಗ್ನೀಷಿಯಂ ಅದರ ಜೊತೆಗೇ ಸುಟ್ಟುಹೋಗುತ್ತದೆ, ಗುಂಡು ಕಟ್ಟುವುದಿಲ್ಲ. ವಾಹನ ತಯಾರಕರು ಎಸ್‌ಜಿ ಕಬ್ಬಿಣ ಕೇಳತೊಡಗಿದ ಮೇಲೆ ಗಂಧಕ ಸೇರಿಸದ, ರಸಾಯನವನ್ನು ಕರಾರುವಾಕ್ಕಾಗಿ ಹಿಡಿದಿಡುವ ಕುಲುಮೆ ಅನಿವಾರ್ಯವಾಯಿತು. ಹೊಗೆಯ ಮೇಲಿನ ನಿರ್ಬಂಧ, ಒಳ್ಳೆಯ ಕೋಕಿನ ದುಬಾರಿ ಬೆಲೆ ಎರಡೂ ಅದೇ ದಿಕ್ಕಿಗೆ ತಳ್ಳಿದವು.

ಕುಲುಮೆಯ ಮೂಸೆಯನ್ನು ಸ್ಥಳದಲ್ಲೇ ಕಟ್ಟುತ್ತಾರೆ. ಸುರುಳಿಯ ಒಳಗೆ ಉಕ್ಕಿನ ತಗಡಿನ ಅಚ್ಚು ಇಟ್ಟು, ನಡುವಿನ ಸಂದಿಗೆ ಬೋರಿಕ್ ಆಮ್ಲ ಬೆರೆಸಿದ ಬಿಳಿಕಲ್ಲಿನ ಪುಡಿ ತುಂಬಿ ಬಿಗಿಯಾಗಿ ದಮ್ಮಸು ಮಾಡುತ್ತಾರೆ. ಮೊದಲ ಹೀಟಿನಲ್ಲಿ, ಅಂದರೆ ಮೊದಲ ಸಲ ಕರಗಿಸುವಾಗ, ನಿಧಾನವಾಗಿ ಕಾಯಿಸಿದರೆ ಒಳಮೈ ಬೆಂದು ಗಟ್ಟಿಯಾಗುತ್ತದೆ, ಹೊರಗಿನ ಪುಡಿ ಸಡಿಲವಾಗಿಯೇ ಉಳಿಯುತ್ತದೆ. ಈ ಸಡಿಲತನ ಬೇಕೆಂದೇ ಉಳಿಸಿದ್ದು. ಬಿರುಕಿನಲ್ಲಿ ನುಗ್ಗಿದ ಲೋಹ ಅಲ್ಲಿ ತಡೆದು ನಿಲ್ಲುತ್ತದೆ. ಈ ಒಳಪದರ, ಅಂದರೆ ಲೈನಿಂಗ್, ದಪ್ಪವಾದರೆ ಸುರುಳಿ ಲೋಹದಿಂದ ದೂರವಾಗಿ ವಿದ್ಯುತ್ತು ಪೋಲು, ತೆಳುವಾದರೆ ಲೋಹ ಸುರುಳಿಗೆ ನುಗ್ಗುವ ಭಯ. ಸುರುಳಿಯಲ್ಲಿ ನೀರಿದೆ, ಮೂಸೆಯಲ್ಲಿ 1500 ಡಿಗ್ರಿಯ ದ್ರವ. ಎರಡೂ ಕೂಡಿದರೆ ಸ್ಫೋಟ. ಆದ್ದರಿಂದ ಲೋಹ ಸುರುಳಿಯತ್ತ ಸಾಗುತ್ತಿರುವುದನ್ನು ಸೂಚಿಸುವ ಅರ್ತ್ ಲೀಕೇಜ್ ಸಾಧನವನ್ನು ಬೈಪಾಸ್ ಮಾಡಿ ಕುಲುಮೆ ನಡೆಸುವುದು ಆತ್ಮಹತ್ಯೆಗೆ ಸಮ. ಒದ್ದೆ ಗುಜರಿ, ಬಾಯಿ ಮುಚ್ಚಿದ ಡಬ್ಬಿಗಳು ಅಷ್ಟೇ ಅಪಾಯಕಾರಿ. ಕೈಬಳೆ, ಉಂಗುರ ತೊಟ್ಟು ಸುರುಳಿಯ ಹತ್ತಿರ ಹೋಗಬಾರದೆಂಬ ನಿಯಮವೂ ಇದೆ: ಉಂಗುರವೂ ಶಾರ್ಟ್ ಆದ ಒಂದು ಸುತ್ತೇ.

ದ್ರವವಾದ ಲೋಹವನ್ನು ಕಾಂತಬಲ ತಾನೇ ಕಲಕುತ್ತದೆ. ನಡುವೆ ದ್ರವ ಗುಡ್ಡೆಯಂತೆ ಉಬ್ಬಿ, ಬದಿಗಳಿಂದ ಮತ್ತೆ ಕೆಳಗಿಳಿದು ಸುತ್ತುತ್ತದೆ. ಮಿಶ್ರಲೋಹಗಳನ್ನು ಸೇರಿಸಿದರೆ ಅವು ಬೇಗ ಹರಡುತ್ತವೆ. ಆವೃತ್ತಿ ಕಡಿಮೆಯಾದಷ್ಟೂ ಕಲಕು ಜೋರು. ಅತಿಯಾದರೆ ಲೈನಿಂಗ್ ತಿನ್ನುತ್ತದೆ, ಗಾಳಿಯೂ ಸೇರುತ್ತದೆ. ಒಂದು ಟನ್ ಎರಕ ಕಬ್ಬಿಣವನ್ನು ಕರಗಿಸಿ 1500 ಡಿಗ್ರಿಗೆ ತರಲು ತಾತ್ವಿಕವಾಗಿ 400 ಯೂನಿಟ್‌ಗಿಂತ ತುಸು ಕಡಿಮೆ ಸಾಕು. ಒಳ್ಳೆಯ ಫೌಂಡ್ರಿಗಳು 550ರ ಆಸುಪಾಸಿನಲ್ಲಿ ನಡೆಸುತ್ತವೆ, ಅಶಿಸ್ತಿನವು 650 ದಾಟುತ್ತವೆ. ಈ ಅಂತರಕ್ಕೆ ಯಂತ್ರಕ್ಕಿಂತ ಮನುಷ್ಯರೇ ಹೆಚ್ಚು ಕಾರಣ. ಮರಳು ಅಂಟಿದ ಗುಜರಿ, ಮುಚ್ಚಳ ತೆರೆದಿಟ್ಟ ಮೂಸೆ, ಅಚ್ಚು ಸಿದ್ಧವಾಗದೆ ಕಾಯುತ್ತಾ ನಿಂತ ದ್ರವ, ಇವು ಯಾವ ಕಂಪನಿಯ ಕುಲುಮೆಯನ್ನೂ ಸೋಲಿಸಬಲ್ಲವು.

ಇಂಡಕ್ಷನ್ ಕುಲುಮೆಗೆ ಇರುವ ದೊಡ್ಡ ಮಿತಿಯೆಂದರೆ ಅದು ಲೋಹವನ್ನು ಕರಗಿಸುತ್ತದೆಯೇ ಹೊರತು ಶುದ್ಧಿ ಮಾಡುವುದಿಲ್ಲ. ಆಮ್ಲಗುಣದ ಬಿಳಿಕಲ್ಲಿನ ಲೈನಿಂಗಿನಲ್ಲಿ ರಂಜಕ, ಗಂಧಕಗಳು ಹಾಗೆಯೇ ಉಳಿಯುತ್ತವೆ. ಗುಜರಿ ಹೇಗಿದೆಯೋ ಉಕ್ಕು ಹಾಗೆ. ಬಳ್ಳಾರಿ, ಹೊಸಪೇಟೆ ಸೀಮೆಯ ಸ್ಪಾಂಜ್ ಕಬ್ಬಿಣ ಇಂಥ ಕುಲುಮೆಗಳ ಕಚ್ಚಾವಸ್ತು. ಭಾರತದ ಉಕ್ಕಿನಲ್ಲಿ ಸರಿಸುಮಾರು ಮೂರನೆಯ ಒಂದು ಭಾಗ ಇಂಡಕ್ಷನ್ ಕುಲುಮೆಗಳಿಂದ ಬರುತ್ತದೆ, ಮನೆ ಕಟ್ಟುವ ಕಂಬಿಗಳ ದೊಡ್ಡ ಪಾಲೂ ಅದರಲ್ಲಿದೆ. ಚೀನಾ 2017ರಲ್ಲಿ ಗುಜರಿಯಿಂದ ಕೀಳು ಗುಣಮಟ್ಟದ ಕಂಬಿ ತಯಾರಿಸುತ್ತಿದ್ದ ಇಂಡಕ್ಷನ್ ಕುಲುಮೆಗಳನ್ನು ಸಾಮೂಹಿಕವಾಗಿ ಮುಚ್ಚಿಸಿತು. ಕುಲುಮೆಯದ್ದೇ ದೋಷ ಎಂಬ ತೀರ್ಮಾನ ಆತುರದ್ದು. ಕರಗಿಸಿದ ಮೇಲೆ ಲ್ಯಾಡಲ್ ಕುಲುಮೆಯಲ್ಲಿ ಶುದ್ಧಿಗೊಳಿಸುವ, ಪ್ರತಿ ಹೀಟನ್ನೂ ಸ್ಪೆಕ್ಟ್ರೋಮೀಟರಿನಲ್ಲಿ ಪರೀಕ್ಷಿಸುವ ಕಾರ್ಖಾನೆಯ ಕಂಬಿಗೂ ಅದನ್ನು ಮಾಡದ ಕಾರ್ಖಾನೆಯ ಕಂಬಿಗೂ ವ್ಯತ್ಯಾಸ ಇದೆ. ಆದರೆ ಕೊಳ್ಳುವವನ ಕಣ್ಣಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಅದೇ ತತ್ವ, ಗಾಳಿ ತೆಗೆದ ಕೋಣೆಯಲ್ಲಿ ನಡೆದರೆ, ಅತಿ ಶುದ್ಧ ಲೋಹವನ್ನೂ ಕೊಡುತ್ತದೆ. ಹೈದರಾಬಾದಿನ ಮಿಧಾನಿಯಲ್ಲಿ ವಿಮಾನ, ಬಾಹ್ಯಾಕಾಶಗಳ ವಿಶೇಷ ಮಿಶ್ರಲೋಹಗಳು ನಿರ್ವಾತ ಇಂಡಕ್ಷನ್ ಕುಲುಮೆಯಲ್ಲಿ ಕರಗುತ್ತವೆ.

ಉಳಿದ ಬಳಕೆಗಳು ಹರಡಿಕೊಂಡಿವೆ, ಹೆಚ್ಚಿನವು ಕಣ್ಣಿಗೆ ಬೀಳುವುದಿಲ್ಲ. ಕೊಳವೆಬಾವಿಗೆ ಇಳಿಸುವ ಕೇಸಿಂಗ್ ಪೈಪನ್ನು ಉಕ್ಕಿನ ಪಟ್ಟಿಯನ್ನು ಸುತ್ತಿ, ಅಂಚುಗಳನ್ನು ಕೆಲವು ನೂರು ಕಿಲೋಹರ್ಟ್ಸ್‌ನ ಪ್ರವಾಹದಿಂದ ಕಾಯಿಸಿ, ರೋಲರುಗಳ ನಡುವೆ ಒತ್ತಿ ಬೆಸೆಯುತ್ತಾರೆ. ಬೆಸುಗೆ ಕಡ್ಡಿಯೇ ಬೇಕಿಲ್ಲ. ಕಲ್ಲುಕ್ವಾರಿಯ ಜಾಕ್‌ಹ್ಯಾಮರ್ ಕಡ್ಡಿಯ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ತುಂಡನ್ನು ಬ್ರೇಜಿಂಗ್ ಮಾಡಿ ಕೂರಿಸುವುದಕ್ಕೂ ಇದೇ ಸುರುಳಿ. ಬೇರಿಂಗನ್ನು ಶಾಫ್ಟಿಗೆ ಕೂರಿಸಲು ಎಣ್ಣೆಯ ಬಾಣಲೆಯಲ್ಲಿ ಕಾಯಿಸುವ ಬದಲು ಇಂಡಕ್ಷನ್ ಹೀಟರ್ ಬಳಸಿದರೆ ಕೆಲಸ ಶುಚಿ: 100 ಮಿ.ಮೀ. ರಂಧ್ರದ ಬೇರಿಂಗ್ 80 ಡಿಗ್ರಿ ಏರಿದರೆ ಮಿಲಿಮೀಟರಿನ ಹತ್ತನೆಯ ಒಂದರಷ್ಟು ಹಿಗ್ಗುತ್ತದೆ, ಸುತ್ತಿಗೆ ಬೇಕಾಗುವುದಿಲ್ಲ. 120 ಡಿಗ್ರಿ ದಾಟಿಸಬಾರದು, ಕೊನೆಗೆ ಅದರ ಕಾಂತಗುಣ ತೆಗೆಯುವುದನ್ನು ಮರೆಯಬಾರದು. ಇಲ್ಲದಿದ್ದರೆ ಕಬ್ಬಿಣದ ಪುಡಿ ಅಂಟಿ ಬೇರಿಂಗ್ ಬೇಗ ಹಾಳಾಗುತ್ತದೆ. ಔಷಧಿ, ಜೇನು, ತುಪ್ಪದ ಬಾಟಲಿಯ ಮುಚ್ಚಳದ ಕೆಳಗೆ ಅಂಟಿದ ಅಲ್ಯೂಮಿನಿಯಂ ಹಾಳೆಯನ್ನು ಮುಚ್ಚಳ ತೆಗೆಯದೆಯೇ ಇಂಡಕ್ಷನ್ನಿನಿಂದ ಬೆಸೆದಿರುತ್ತಾರೆ. ಪಾತ್ರೆಯಾಗಿ ಒಲೆಯ ಮೇಲೆ ಕಾಯದ ಅಲ್ಯೂಮಿನಿಯಂ ಇಲ್ಲಿ ಕಾಯುವುದಕ್ಕೆ ಕಾರಣ ಹಾಳೆಯ ತೆಳುತನ. ತೆಳುವಾದಷ್ಟೂ ರೋಧ ಹೆಚ್ಚು. ಚಿನ್ನದ ಕೆಲಸದವರ ಪುಟ್ಟ ಕುಲುಮೆಯಲ್ಲಿ ಚಿನ್ನದ ಜೊತೆ ಗ್ರಾಫೈಟ್ ಮೂಸೆಯೂ ಪ್ರೇರಿತ ಪ್ರವಾಹದಿಂದ ಕಾಯುತ್ತದೆ.

ಇನ್ನು ಮಾದಿಹಳ್ಳಿ ಹೋಬಳಿಯಂಥ ಹಳ್ಳಿಗಾಡಿಗೆ ಈ ವಿಧಾನದಿಂದ ಏನು ದಕ್ಕೀತು ಎಂಬುದು ಲೆಕ್ಕದ ವಿಷಯ. ಕರಗಿಸುವ ಕುಲುಮೆ ಇಲ್ಲಿಗೆ ಹೊಂದುವುದಿಲ್ಲ. ಅದಕ್ಕೆ ಎಚ್.ಟಿ. (ಹೈ ಟೆನ್ಷನ್) ಸಂಪರ್ಕ, ಬೇಡಿಕೆ ಶುಲ್ಕ, ದಿನವಿಡೀ ತಪ್ಪದ ಸರಬರಾಜು ಬೇಕು; ನಡುವೆ ಕರೆಂಟು ಹೋದರೆ ಮೂಸೆಯಲ್ಲೇ ಲೋಹ ಹೆಪ್ಪುಗಟ್ಟುತ್ತದೆ. ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಕೆಲವೇ ಗಂಟೆ ಮೂರು ಫೇಸ್ ಸಿಗುವ ಫೀಡರಿನಲ್ಲಿ ಅದು ಆಗದ ಮಾತು. ಕಾಯಿಸುವ ಸಣ್ಣ ಯಂತ್ರದ ಲೆಕ್ಕ ಬೇರೆ. ಕೊಡಲಿಯ ಬಾಯಿಯ ಸುಮಾರು 200 ಗ್ರಾಂ ಉಕ್ಕನ್ನು 900 ಡಿಗ್ರಿಗೆ ಒಯ್ಯಲು ಸುಮಾರು 125 ಕಿಲೋಜೌಲ್ ಶಾಖ ಬೇಕು. ಶೇ 60ರ ದಕ್ಷತೆಯ 15 ಕಿಲೋವ್ಯಾಟ್ ಯಂತ್ರ ಅದನ್ನು 14 ಸೆಕೆಂಡಿನಲ್ಲಿ ಕೊಡುತ್ತದೆ, ತಗಲುವ ವಿದ್ಯುತ್ತು ಒಂದು ಯೂನಿಟ್ಟಿನ ಸುಮಾರು ಹದಿನೇಳನೆಯ ಒಂದು ಭಾಗ. ಹಾಗೆಂದು ಕಮ್ಮಾರನ ಕುಲುಮೆ ಆರುವುದಿಲ್ಲ. ಮುಂಜಾನೆ ಕುಡುಗೋಲು, ಮಧ್ಯಾಹ್ನ ಗುದ್ದಲಿ, ಸಂಜೆ ಗೇಟಿನ ತಿರುಗಣಿ ಬರುವ ಕಡೆ ಪ್ರತಿಯೊಂದಕ್ಕೂ ಬೇರೆ ಸುರುಳಿ ಬೇಕು, ಇದ್ದಿಲಿಗೆ ಆ ಹಂಗಿಲ್ಲ. ಒಂದೇ ಬಗೆಯ ತುಂಡು ದಿನಕ್ಕೆ ನೂರಾರು ಬರುವ ಕಡೆ, ಉದಾಹರಣೆಗೆ ಟಿಲ್ಲರ್, ರೋಟವೇಟರ್ ಬ್ಲೇಡುಗಳನ್ನು ತಯಾರಿಸುವ ಘಟಕದಲ್ಲಿ, ಇಂಡಕ್ಷನ್ ಯಂತ್ರ ಮೊದಲ ದಿನದಿಂದಲೇ ಸರಿಯಾದ ಆಯ್ಕೆ. ಬಿಡಿ ಕೆಲಸಕ್ಕೆ ಅದನ್ನು ಕೊಳ್ಳುವುದು ದುಂದು.